ಸಂಜೆವರೆಗೂ ನಿಲ್ಲುವ ಎರಡು ಹೆರಳು: ಶಾಲೆ ಹುಡುಗಿಯರ ತಲೆ ಬಾಚುವ ಪೂರ್ತಿ ಕ್ರಮ

ಬೆಳಗ್ಗೆ ಚೆಂದ ಹೆಣೆದು ಕಳಿಸಿದ ಹೆರಳು ಬಿಸಿಯೂಟದ ಹೊತ್ತಿಗೆ ಸಡಿಲಾಗಿರುತ್ತದೆ. ಸಂಜೆ ಹುಡುಗಿ ಮನೆಗೆ ಬಂದಾಗ ಒಂದು ಕಡೆ ಟೇಪು ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಮರುದಿನ ಇನ್ನಷ್ಟು ಬಿಗಿಯಾಗಿ ಕಟ್ಟುತ್ತೇವೆ. ಹುಡುಗಿ ಅಳುತ್ತಾಳೆ, ಹೆರಳು ಮತ್ತೆ ಬಿಚ್ಚುತ್ತದೆ. ವಿಜಯಪುರದ ನಮ್ಮ ಓಣಿಯಲ್ಲಿ ಯಾವ ತಾಯಿಯನ್ನು ಕೇಳಿದರೂ ಇದೇ ಮಾತು.

ಬಿಗಿ ಸಾಲದೆ ಹೆರಳು ಬಿಚ್ಚುವುದು ಕಡಿಮೆ. ಸಿಕ್ಕು ಪೂರ್ತಿ ಬಿಡಿಸದೆ ಹೆಣೆಯಲು ಶುರು ಮಾಡಿರುತ್ತೇವೆ. ಎಣ್ಣೆ ಜಾಸ್ತಿ ಆಗಿರುತ್ತದೆ. ಇಲ್ಲವೇ ಹೆಣೆಯುವಾಗ ಮಗುವಿನ ತಲೆ ಬಗ್ಗಿರುತ್ತದೆ. ಈ ಮೂರೂ ಮೊದಲ ಎಳೆ ದಾಟಿಸುವ ಮುಂಚೆಯೇ ಆಗಿ ಹೋಗುವ ತಪ್ಪುಗಳು. ಆಮೇಲೆ ಎಷ್ಟು ಜಗ್ಗಿ ಕಟ್ಟಿದರೂ ಉಪಯೋಗವಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಯಾವುದನ್ನೂ ಹಾರಿಸಬೇಡಿ.

ಇದು ಭುಜ ದಾಟಿದ ಕೂದಲಿರುವ, ಸುಮಾರು 5ರಿಂದ 12 ವರ್ಷದ ಹುಡುಗಿಯರಿಗೆ. ಗಿಡ್ಡ ಕೂದಲು, ಗುಂಗುರು ಕೂದಲಿನ ವಿಷಯ ಕೊನೆಯ ಕಡೆಗಿದೆ. ಅಪ್ಪಂದಿರೂ ಓದಿಕೊಳ್ಳಿ. ತಾಯಿ ತವರಿಗೆ ಹೋದ ವಾರ ಮಗಳು ಕೆದರಿದ ತಲೆಯಲ್ಲಿ ಶಾಲೆಗೆ ಹೋಗಬೇಕಿಲ್ಲ.

ಸಾಮಾನು ಮೊದಲು ಕೈಗೆ ಸಿಗುವಂತಿರಲಿ

ಹಣಿಗೆ ಎರಡು ಬೇಕು. ಸಿಕ್ಕು ಬಿಡಿಸಲು ಅಗಲ ಹಲ್ಲಿನದು ಒಂದು. ಬೈತಲೆ ತೆಗೆಯಲು ಸಣ್ಣ ಹಲ್ಲಿನ, ಹಿಡಿ ಚೂಪಾಗಿರುವುದು ಇನ್ನೊಂದು. ಹಲ್ಲು ಮುರಿದ ಹಣಿಗೆ ಇದ್ದರೆ ಇವತ್ತೇ ಬಿಸಾಡಿ. ಮುರಿದ ಹಲ್ಲಿನ ಮೊನೆ ಕೂದಲನ್ನು ಸೀಳುತ್ತದೆ, ನೆತ್ತಿಯನ್ನೂ ಗೀರುತ್ತದೆ. ಹೇನು ನೋಡಲು ಸೀರಣಿಗೆ ಬೇರೆ ಇರಲಿ. ಪ್ಲಾಸ್ಟಿಕ್ಕಿನದಕ್ಕಿಂತ ಲೋಹದ ಹಲ್ಲಿನದು ಒಳ್ಳೆಯದು.

ನೀರು ಸಿಂಪಡಿಸುವ ಸಣ್ಣ ಬಾಟಲಿ, ನಾಲ್ಕು ಕ್ಲಿಪ್ಪು, ಒಂದು ಅಂಗುಲ ಅಗಲದ ಎರಡು ಟೇಪು. ಒಂದೊಂದು ಟೇಪೂ ಒಂದು ಮೀಟರ್ ಇರಲಿ. ಅಂಗಡಿಯವರು ಮುಕ್ಕಾಲು ಮೀಟರ್ ಸಾಕು ಅಂತಾರೆ, ಆದರೆ ಮಡಚಿ ಕಟ್ಟುವಾಗ ಅದು ಸಾಲುವುದಿಲ್ಲ. ತುದಿ ನೂಲು ಬಿಡುತ್ತಿದ್ದರೆ ದೊಡ್ಡವರು ಮೇಣದ ಬತ್ತಿಯ ಉರಿಗೆ ಒಂದು ಕ್ಷಣ ಹಿಡಿದರೆ ಅಂಚು ಕರಗಿ ಕೂಡಿಕೊಳ್ಳುತ್ತದೆ. ನೈಲಾನ್, ಸ್ಯಾಟಿನ್ ಟೇಪಿಗೆ ಮಾತ್ರ ಇದು ನಡೆಯುತ್ತದೆ.

ಹೆರಳಿನ ತುದಿಗೆ ಬಟ್ಟೆ ಸುತ್ತಿದ ರಬ್ಬರೇ ಬೇಕು. ಕಾಗದದ ಕಟ್ಟಿಗೆ ಹಾಕುವ ಬರಿ ರಬ್ಬರ್ ಬ್ಯಾಂಡ್ ಕೂದಲಿಗೆ ಅಂಟಿಕೊಳ್ಳುತ್ತದೆ, ತೆಗೆಯುವಾಗ ಕೂದಲನ್ನು ಕಿತ್ತುಕೊಂಡೇ ಬರುತ್ತದೆ. ಕುಪ್ಪಸ ಹೊಲಿಸಿದಾಗ ಉಳಿದ ಗುಳೇದಗುಡ್ಡ ಖಣದ ತುಂಡು ಮನೆಯಲ್ಲಿದ್ದರೆ ಎರಡು ಬೆರಳು ಅಗಲಕ್ಕೆ ಕತ್ತರಿಸಿ, ಕೊಳವೆಯಂತೆ ಹೊಲಿದು, ಒಳಗೆ ತೆಳು ಎಲಾಸ್ಟಿಕ್ ತೂರಿಸಿ. ಗಟ್ಟಿ ಬರುತ್ತದೆ, ಹುಡುಗಿಗೂ ಖುಷಿ.

ಕೂರಿಸುವ ಜಾಗವೂ ಸಾಮಾನಿನಷ್ಟೇ ಮುಖ್ಯ. ನೀವು ಕಟ್ಟೆ ಮೇಲೆ, ಹುಡುಗಿ ಕೆಳಗಿನ ಮೆಟ್ಟಿಲ ಮೇಲೆ ಕೂತರೆ ಅವಳ ನೆತ್ತಿ ನಿಮ್ಮ ಎದೆಯ ಮಟ್ಟಕ್ಕೆ ಬರುತ್ತದೆ. ಅದೇ ಸರಿಯಾದ ಎತ್ತರ. ಬೆಳಕು ಅವಳ ತಲೆಯ ಹಿಂಭಾಗಕ್ಕೆ ಬೀಳಬೇಕು.

ಹಂತ 1: ಎರೆಯುವುದು, ಒಣಗಿಸುವುದು

ಶಾಲೆಯ ದಿನ ಬೆಳಗ್ಗೆ ತಲೆ ಎರೆಯಬೇಡಿ. ಭಾನುವಾರ ಬೆಳಗ್ಗೆ ಒಮ್ಮೆ, ಬೇಕಾದರೆ ವಾರದ ನಡುವೆ ಸಂಜೆ ಬೇಗ ಇನ್ನೊಮ್ಮೆ ಎರೆದರೆ ಸಾಕು.

ನಮ್ಮ ಕಡೆಯ ದೊಡ್ಡ ತೊಂದರೆ ಸವಳು ನೀರು. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ ಇರುವ ಊರುಗಳಲ್ಲಿ ಮೈಸೋಪನ್ನೇ ತಲೆಗೂ ಹಚ್ಚಿದರೆ ಬಿಳಿ ಅಂಟು ಕೂದಲಿಗೆ ಹಿಡಿಯುತ್ತದೆ. ಎಷ್ಟು ಹಾಕಿದರೂ ನೊರೆ ಬರುವುದಿಲ್ಲ, ಕೂದಲು ಒಣಗಿದ ಮೇಲೆ ಬಿರುಸಾಗುತ್ತದೆ. ಅಂಥ ಕೂದಲಿನ ಸಿಕ್ಕು ಯಾವ ಹಣಿಗೆಗೂ ಬಗ್ಗುವುದಿಲ್ಲ. ತಲೆಗೆ ಸೋಪು ಬಿಡಿ, ಮೆತ್ತನೆಯ ಶಾಂಪೂ ಬಳಸಿ. ಕೊನೆಗೆ ಸುರಿಯಲು ಒಂದು ಬಕೆಟ್ ನಳದ ನೀರನ್ನು ಬೇರೆ ಎತ್ತಿಡಿ. ಅದೂ ಸಿಗದಿದ್ದರೆ ಒಂದು ಚೊಂಬು ಕುಡಿಯುವ ನೀರಿಗೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ ಕೂದಲಿನ ಉದ್ದಕ್ಕೆ ಸುರಿದು, ಮತ್ತೆ ಒಂದು ಚೊಂಬು ಬರಿ ನೀರು ಹಾಕಿ. ರಸ ಕಣ್ಣಿಗೆ ಹೋಗದಂತೆ ತಲೆ ಹಿಂದಕ್ಕೆ ಬಾಗಿಸಿಕೊಳ್ಳಿ. ನೆತ್ತಿಯಲ್ಲಿ ಗಾಯವಿದ್ದರೆ ನಿಂಬೆ ಬೇಡವೇ ಬೇಡ.

ಸೀಗೆಕಾಯಿ ಹಾಕುವವರು ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ದಪ್ಪ ಕಣ ನೆತ್ತಿಯಲ್ಲಿ ಉಳಿದರೆ ಮಗು ಎರಡು ದಿನ ಕೆರೆದುಕೊಳ್ಳುತ್ತಲೇ ಇರುತ್ತದೆ, ಹೊಟ್ಟು ಆಗಿದೆ ಅಂತ ನಾವು ತಪ್ಪು ತಿಳಿಯುತ್ತೇವೆ.

ಒಣಗಿಸುವಾಗ ಟವೆಲ್ಲಿನಿಂದ ಗಸಗಸ ತಿಕ್ಕಬೇಡಿ. ಹಳೆ ಧೋತರ ಅಥವಾ ಹತ್ತಿ ಸೀರೆಯ ತುಂಡಿನಲ್ಲಿ ಕೂದಲನ್ನು ಒತ್ತಿ ಒತ್ತಿ ನೀರು ತೆಗೆಯಿರಿ. ಒದ್ದೆ ಕೂದಲು ಹಿಗ್ಗಿರುತ್ತದೆ, ಬಲ ಕಡಿಮೆ ಇರುತ್ತದೆ, ಜಗ್ಗಿದರೆ ಬೇಗ ತುಂಡಾಗುತ್ತದೆ. ಅದೇ ಸ್ಥಿತಿಯಲ್ಲಿ ಹೆಣೆದರೆ ಒಣಗುವಾಗ ಕುಗ್ಗಿ ಬುಡದಲ್ಲಿ ಎಳೆಯುತ್ತದೆ. ಶಾಲೆಯಲ್ಲಿ ಮಗುವಿಗೆ ತಲೆನೋವು ಬರಲು ಇದೂ ಒಂದು ಕಾರಣ.

ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಕೂದಲು ಒಣಗುವುದು ದೊಡ್ಡ ಮಾತಲ್ಲ. ಬೆಳಗಾವಿ, ಖಾನಾಪುರದ ಮಳೆಗಾಲ ಬೇರೆ. ಅಲ್ಲಿ ಜುಲೈನಲ್ಲಿ ರಾತ್ರಿ ಎರೆದರೆ ಬೆಳಗ್ಗೆಯೂ ಬುಡ ತಣ್ಣಗೇ ಇರುತ್ತದೆ. ಹಾಗೇ ಕಟ್ಟಿದರೆ ಎರಡು ದಿನದಲ್ಲಿ ಮುಗ್ಗಲು ವಾಸನೆ ಹೊಡೆಯುತ್ತದೆ. ಆ ತಿಂಗಳುಗಳಲ್ಲಿ ಹಗಲು ಹೊತ್ತಿನಲ್ಲೇ ಎರೆದು, ಕೂದಲನ್ನು ಬಿಟ್ಟು, ಬುಡಕ್ಕೆ ಬೆರಳಿಟ್ಟು ಒಣಗಿದ್ದು ಖಾತ್ರಿ ಆದ ಮೇಲೆ ಹೆಣೆಯಿರಿ.

ಹಂತ 2: ಹೆಣೆಯುವ ಮೊದಲು ತಲೆ ನೋಡಿ

ವಾರಕ್ಕೊಮ್ಮೆ, ಎರೆದ ದಿನವೇ, ಹುಡುಗಿಯನ್ನು ಅಂಗಳದ ಬೆಳಕಿನಲ್ಲಿ ಕೂರಿಸಿ ನೋಡಿ. ಕಿವಿಯ ಹಿಂದೆ ಮತ್ತು ಹೆಡಕಿನ ಮೇಲೆ ಮೊದಲು ನೋಡಬೇಕು. ಹೇನು ಅಲ್ಲೇ ಜಾಸ್ತಿ ಇರುತ್ತವೆ. ಸೀರು ನೆತ್ತಿಯಿಂದ ಕಾಲು ಅಂಗುಲದೊಳಗೆ ಕೂದಲಿಗೆ ಅಂಟಿರುತ್ತದೆ. ಹೊಟ್ಟೋ ಸೀರೋ ಅನ್ನೋ ಅನುಮಾನ ಬಂದರೆ ಉಗುರಿನಿಂದ ತಳ್ಳಿ ನೋಡಿ. ಹೊಟ್ಟು ಉದುರುತ್ತದೆ. ಸೀರು ಜಾರುವುದಿಲ್ಲ, ಎರಡು ಉಗುರು ಸೇರಿಸಿ ಎಳೆಯಬೇಕಾಗುತ್ತದೆ.

ಹೇನು ಸಿಕ್ಕರೆ ಮಗುವನ್ನು ಬೈಯಬೇಡಿ. ತಲೆಗೆ ತಲೆ ತಾಗಿದರೆ ಹೇನು ದಾಟುತ್ತವೆ. ಒಂದೇ ಬೆಂಚಿನಲ್ಲಿ ಮೂವರು ಕೂತು ಬರೆಯುವ ತರಗತಿಯಲ್ಲಿ ಯಾರ ಮಗುವಿಗೂ ಇದು ತಪ್ಪಿದ್ದಲ್ಲ. ಸ್ವಚ್ಛ ತಲೆಗೂ ಹೇನು ಹತ್ತುತ್ತವೆ.

ಮಾಡಬೇಕಾದ್ದು ಇಷ್ಟು. ಕೂದಲಿಗೆ ಚೆನ್ನಾಗಿ ಕಂಡಿಷನರ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ. ಆಮೇಲೆ ಸೀರಣಿಗೆಯನ್ನು ನೆತ್ತಿಗೆ ತಾಗಿಸಿ ತುದಿಯವರೆಗೆ ಒಂದೇ ಎಳೆತದಲ್ಲಿ ತನ್ನಿ. ಪ್ರತಿ ಸಲವೂ ಹಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ ಬಿಡದೆ ಮಾಡಬೇಕು. ಒಂದೇ ದಿನ ಮಾಡಿ ಬಿಟ್ಟರೆ ಏನೂ ಆಗುವುದಿಲ್ಲ, ಏಕೆಂದರೆ ಉಳಿದ ಸೀರು 7ರಿಂದ 10 ದಿನದಲ್ಲಿ ಒಡೆದು ಮತ್ತೆ ಹೇನಾಗುತ್ತದೆ. ಔಷಧ ಅಂಗಡಿಯಲ್ಲಿ ಶೇ 1ರ ಪರ್ಮೆಥ್ರಿನ್ ಲೋಷನ್ ಸಿಗುತ್ತದೆ. ತೊಳೆದು ಒರೆಸಿದ ಕೂದಲಿಗೆ ಹಚ್ಚಿ 10 ನಿಮಿಷ ಬಿಟ್ಟು ತೊಳೆಯುವುದು ರೂಢಿ. ಅದನ್ನೂ ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಚ್ಚಬೇಕು. ಡಬ್ಬಿಯ ಮೇಲಿನ ಸೂಚನೆ ಓದಿ, ತೀರಾ ಸಣ್ಣ ಮಕ್ಕಳಿದ್ದರೆ ಡಾಕ್ಟರನ್ನು ಕೇಳಿ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ. ಅಕ್ಕನ ತಲೆ ಬಿಟ್ಟು ತಂಗಿಯದನ್ನು ಮಾತ್ರ ನೋಡಿದರೆ ವಾರದಲ್ಲಿ ಮತ್ತೆ ಅದೇ ಕಥೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೇನಿಗೆ ಅಂತ ಸೀಮೆಎಣ್ಣೆ ಹಚ್ಚಬೇಡಿ. ಅದು ಚರ್ಮ ಸುಡುತ್ತದೆ, ಒಲೆ ಹತ್ತಿರ ಹೋದರೆ ಬೆಂಕಿ ಹತ್ತುತ್ತದೆ. ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣೆಯನ್ನಂತೂ, ಅಂದರೆ ಕೀಟನಾಶಕವನ್ನು, ಮಕ್ಕಳ ತಲೆಯ ಹತ್ತಿರಕ್ಕೂ ತರಬೇಡಿ. ಅದು ವಿಷ. ನೆತ್ತಿಯ ಚರ್ಮದಿಂದಲೇ ಮೈಯೊಳಗೆ ಇಳಿಯುತ್ತದೆ, ಮಗುವಿನ ಜೀವಕ್ಕೇ ಕುತ್ತು. ಯಾರಾದರೂ ಹಚ್ಚಿಬಿಟ್ಟಿದ್ದರೆ ತಕ್ಷಣ ಸಾಕಷ್ಟು ನೀರು ಹಾಕಿ ತೊಳೆದು, ಬಟ್ಟೆ ಬದಲಿಸಿ, ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ವಾಂತಿ, ಜೊಲ್ಲು, ನಡುಕ ಶುರುವಾಗಲಿ ಅಂತ ಕಾಯಬೇಡಿ.

ಹಂತ 3: ಎಣ್ಣೆ, ಆದರೆ ಸ್ವಲ್ಪ

ಎಣ್ಣೆಯನ್ನು ಎರಡು ಬೇರೆ ಕೆಲಸಕ್ಕೆ ಹಚ್ಚುತ್ತೇವೆ. ಅವು ಬೆರೆತಾಗಲೇ ತೊಂದರೆ. ನೆತ್ತಿಗೆ ತಿಕ್ಕುವ ಎಣ್ಣೆ ಎರೆಯುವ ಹಿಂದಿನ ರಾತ್ರಿಯದು. ಅದನ್ನು ಧಾರಾಳವಾಗಿ ಹಚ್ಚಿ, ಬೆಳಗ್ಗೆ ತೊಳೆದುಬಿಡಿ. ಶಾಲೆಯ ದಿನ ಬೆಳಗ್ಗೆ ಹಚ್ಚುವುದು ಕೂದಲಿನ ತುದಿ ನಯವಾಗಲು ಮಾತ್ರ. ಬೆನ್ನಿನ ನಡುವಿನವರೆಗೆ ಕೂದಲಿರುವ ಹುಡುಗಿಗೆ ಅರ್ಧ ಚಹಾ ಚಮಚ ಸಾಕು. ಅಂಗೈಯಲ್ಲಿ ಸವರಿಕೊಂಡು ಮೊದಲು ತುದಿಗೆ, ಆಮೇಲೆ ಕೂದಲಿನ ನಡುವಿಗೆ ಹಚ್ಚಿ. ಕೈಯಲ್ಲಿ ಉಳಿದ ಜಿಡ್ಡನ್ನು ಕೊನೆಗೆ ಮುಂದಲೆಯ ಮೇಲೆ ಸವರಿ.

ಎಣ್ಣೆ ಸುರಿದ ಕೂದಲು ಕೈಯಲ್ಲಿ ನಿಲ್ಲುವುದಿಲ್ಲ. ಹೆಣೆಯುವಾಗ ಬಿಗಿ ಇದೆ ಅನಿಸುತ್ತದೆ, ಆಟಕ್ಕೆ ಬಿಟ್ಟ ಹೊತ್ತಿಗೆ ಎಳೆಗಳು ಒಂದರಿಂದ ಒಂದು ಜಾರಿರುತ್ತವೆ. ಮೇಲಿಂದ ನಮ್ಮ ಎರೆ ಮಣ್ಣಿನ ಧೂಳು. ಎಣ್ಣೆ, ಬೆವರು, ಧೂಳು ಸೇರಿದರೆ ಹಣೆ ಅಂಚಿನಲ್ಲಿ ಗುಳ್ಳೆ ಏಳುತ್ತವೆ. ಹೊಟ್ಟು ಇರುವ ಮಗುವಿಗೆ ದಿನಾ ನೆತ್ತಿಗೆ ಎಣ್ಣೆ ಹಚ್ಚಿ ಬಿಟ್ಟರೆ ಹೊಟ್ಟು ಹೆಚ್ಚುತ್ತದೆ, ಕಡಿಮೆ ಆಗುವುದಿಲ್ಲ.

ಕೊಬ್ಬರಿ ಎಣ್ಣೆ ಒಳ್ಳೆಯದು. ಮನೆಯಲ್ಲಿ ಕುಸುಬಿ ಎಣ್ಣೆ ಇದ್ದರೆ ಅದೂ ಆಗುತ್ತದೆ, ತೆಳುವಾಗಿರುವುದರಿಂದ ಬೇಗ ಹರಡುತ್ತದೆ. ಹರಳೆಣ್ಣೆ ಮಾತ್ರ ಶಾಲೆಯ ದಿನ ಬೇಡ, ಅದರ ಅಂಟಿಗೆ ಸಿಕ್ಕು ಗಂಟಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿಡಿ, ಒಲೆ ಮೇಲೆ ಇಡಬೇಡಿ.

ಹಂತ 4: ಸಿಕ್ಕು ತುದಿಯಿಂದ ಬಿಡಿಸಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಕೊಡಿ. ಹೆರಳು ಹೆಣೆಯಲು ನಾಲ್ಕು ನಿಮಿಷ ಸಾಕು. ಸಿಕ್ಕು ಬಿಡಿಸಲು ಅದರ ಎರಡರಷ್ಟು ಬೇಕು.

ಮೊದಲು ಕೂದಲನ್ನು ನಾಲ್ಕು ಪಾಲು ಮಾಡಿ. ಮುಂದೆ ಎರಡು, ಹಿಂದೆ ಎರಡು. ಮೂರಕ್ಕೆ ಕ್ಲಿಪ್ಪು ಹಾಕಿ, ಒಂದನ್ನು ಬಿಡಿ. ಬಾಟಲಿಯಿಂದ ಎರಡು ಸಲ ನೀರು ಸಿಂಪಡಿಸಿ. ಕೂದಲು ತೇವ ಆದರೆ ಸಾಕು, ನೀರು ತೊಟ್ಟಿಕ್ಕಬಾರದು.

ಈಗ ಆ ಪಾಲನ್ನು ನಡುವಿನಲ್ಲಿ ಎಡಗೈ ಮುಷ್ಟಿಯಿಂದ ಹಿಡಿಯಿರಿ. ಬಲಗೈಯ ಅಗಲ ಹಣಿಗೆಯಿಂದ ಕೊನೆಯ ನಾಲ್ಕು ಬೆರಳಷ್ಟನ್ನು ಮಾತ್ರ ಬಾಚಿ. ಅಲ್ಲಿ ಹಣಿಗೆ ಸಲೀಸಾಗಿ ಹಾದ ಮೇಲೆ ಮುಷ್ಟಿಯನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿ. ಹೀಗೆ ಬುಡದ ತನಕ ಹೋಗಿ. ಮುಷ್ಟಿ ಬಿಗಿಯಾಗಿದ್ದರೆ ಹಣಿಗೆಯ ಎಳೆತ ನಿಮ್ಮ ಕೈಗೆ ಬೀಳುತ್ತದೆ, ಮಗುವಿನ ನೆತ್ತಿಗೆ ತಾಕುವುದಿಲ್ಲ. ಅಳು ನಿಲ್ಲುವುದು ಇಲ್ಲಿಂದಲೇ.

ನೆತ್ತಿಯಿಂದ ಕೆಳಕ್ಕೆ ಜೋರಾಗಿ ಬಾಚಿದರೆ ಚಿಕ್ಕ ಚಿಕ್ಕ ಸಿಕ್ಕುಗಳೆಲ್ಲ ಕೆಳಗೆ ಜಾರಿ ಒಂದೇ ದೊಡ್ಡ ಗಂಟಾಗುತ್ತವೆ. ಆ ಗಂಟನ್ನು ಕಿತ್ತು ತೆಗೆಯುತ್ತೇವೆ. ತುಂಡಾದ ಆ ಕೂದಲುಗಳೇ ಆಮೇಲೆ ಹೆರಳಿನಿಂದ ಹೊರಗೆ ಚುಚ್ಚಿಕೊಂಡು ನಿಲ್ಲುತ್ತವೆ.

ಹೆಡಕಿನ ಹತ್ತಿರ, ಸಮವಸ್ತ್ರದ ಕಾಲರ್ ತಿಕ್ಕುವ ಜಾಗದಲ್ಲಿ, ಗಟ್ಟಿ ಗಂಟು ಇದ್ದೇ ಇರುತ್ತದೆ. ಅದಕ್ಕೆ ಒಂದು ಹನಿ ಎಣ್ಣೆ ಹಾಕಿ, ಹಣಿಗೆಯ ಚೂಪು ಹಿಡಿಯಿಂದ ಗಂಟಿನ ನಡುವೆ ತೂರಿಸಿ, ಕೂದಲೆಳೆಗಳನ್ನು ಅಡ್ಡಕ್ಕೆ ಬಿಡಿಸಿ. ಕೆಳಕ್ಕೆ ಜಗ್ಗಬೇಡಿ. ಚೂಯಿಂಗ್ ಗಮ್ ಅಂಟಿದ್ದರೆ ಮಂಜುಗಡ್ಡೆ ಒತ್ತಿ ಗಟ್ಟಿ ಮಾಡಿ, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಜಾರಿಸಿ.

ಮಗು "ಯವ್ವಾ, ಜಗ್ಗಬ್ಯಾಡ" ಅಂದರೆ ಅಲ್ಲೇ ನಿಲ್ಲಿಸಿ ಮುಷ್ಟಿ ಎಲ್ಲಿದೆ ನೋಡಿಕೊಳ್ಳಿ. ಅವಳು ಹಟ ಮಾಡುತ್ತಿಲ್ಲ. ನಿಮ್ಮ ಕೈ ಜಾರಿದೆ, ಅಷ್ಟೇ.

ಹಂತ 5: ಬೈತಲೆ

ಮೂಗಿನ ತುದಿ, ಹುಬ್ಬುಗಳ ನಡು, ನೆತ್ತಿ, ಹೆಡಕಿನ ಗುಂಡಿ. ಈ ನಾಲ್ಕೂ ಒಂದೇ ಗೆರೆಯಲ್ಲಿ ಬರಬೇಕು. ಮುಂದಿನ ಅರ್ಧವನ್ನು ಮಗುವಿನ ಎದುರು ಕೂತು ತೆಗೆಯಿರಿ. ಹಿಂದಿನಿಂದ ತೆಗೆದರೆ ಗೆರೆ ಒಂದು ಕಡೆ ವಾಲುತ್ತದೆ, ಒಂದು ಹೆರಳು ದಪ್ಪ, ಇನ್ನೊಂದು ತೆಳು ಆಗುತ್ತದೆ. ಹಿಂದಿನ ಅರ್ಧಕ್ಕೆ ಮಗು ತಲೆ ಬಗ್ಗಿಸಲಿ. ಗೆರೆ ಮುಗಿದ ಕೂಡಲೇ ಒಂದು ಪಾಲಿಗೆ ಕ್ಲಿಪ್ಪು ಹಾಕಿ.

ವಾರಕ್ಕೊಮ್ಮೆ ಬೈತಲೆಯನ್ನು ಅರ್ಧ ಬೆರಳು ಆ ಕಡೆ ಈ ಕಡೆ ಸರಿಸಿ, ಇಲ್ಲವೇ ಅಂಕುಡೊಂಕಾಗಿ ತೆಗೆಯಿರಿ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಜಗ್ಗಿದರೆ ಅಲ್ಲಿ ಕೂದಲು ತೆಳುವಾಗಿ ಬೈತಲೆ ಅಗಲ ಕಾಣುತ್ತದೆ.

ಹಂತ 6: ಹೆಣೆಯುವುದು

ಈಗ ಮಗು ತಲೆ ಎತ್ತಲಿ. ಗದ್ದ ನೆಲಕ್ಕೆ ಸಮವಾಗಿರಬೇಕು, ಒಂದು ಕೂದಲೆಳೆಯಷ್ಟು ಮೇಲಿದ್ದರೂ ಒಳ್ಳೆಯದೇ. ಬೈತಲೆ ತೆಗೆಯಲು ಬಗ್ಗಿದ ತಲೆಯನ್ನು ಹಾಗೇ ಬಿಟ್ಟು ಹೆಣೆಯುವುದೇ ನಾನು ಎಲ್ಲ ಕಡೆ ನೋಡುವ ತಪ್ಪು. ಬಗ್ಗಿದಾಗ ಹೆಡಕಿನ ಚರ್ಮ ಹಿಗ್ಗಿರುತ್ತದೆ. ತಲೆ ಎತ್ತಿದ ಕೂಡಲೇ ಅಲ್ಲಿನ ಕೂದಲು ಸಡಿಲಾಗಿ ಜೋತು ಬೀಳುತ್ತದೆ. ಬುಡ ಸಡಿಲಾದ ಹೆರಳು ಮಧ್ಯಾಹ್ನದವರೆಗೂ ನಿಲ್ಲುವುದಿಲ್ಲ. ಮಗುವಿಗೆ ತಲೆ ಎತ್ತಿ ಕೂರಲು ಬೇಸರವಾದರೆ ಎದುರಿಗೆ ಕನ್ನಡಿ ಇಡಿ. ಮೊಬೈಲ್ ಕೊಟ್ಟರೆ ತಲೆ ಮತ್ತೆ ಬಗ್ಗುತ್ತದೆ.

ಹೆರಳು ಕಿವಿಯ ಹಿಂದೆ, ಕಿವಿಯ ನಡುವಿನ ಎತ್ತರದಲ್ಲಿ ಶುರುವಾಗಲಿ. ಅದಕ್ಕಿಂತ ಕೆಳಗೆ ಶುರು ಮಾಡಿದರೆ ಕಾಲರ್ ಮತ್ತು ಬ್ಯಾಗಿನ ಪಟ್ಟಿ ದಿನವಿಡೀ ತಿಕ್ಕಿ ಬಿಚ್ಚುತ್ತವೆ. ತೀರಾ ಮೇಲೆ ಹೋದರೆ ಮಡಚಿದ ಹೆರಳು ಹೊರಗೆ ಚಾಚಿಕೊಳ್ಳುತ್ತದೆ.

ಸಣ್ಣ ಹಣಿಗೆಯಿಂದ ಎಲ್ಲ ಕೂದಲನ್ನು ಆ ಜಾಗಕ್ಕೆ ಬಾಚಿ ತನ್ನಿ. ಮುಂಗುರುಳಿಗೆ ಒದ್ದೆ ಅಂಗೈ ಸವರಿ. ಮೂರು ಸಮ ಎಳೆ ಮಾಡಿ. ಸಮ ಇದೆಯೋ ಇಲ್ಲವೋ ಅಂತ ಕಣ್ಣಿನಿಂದ ಅಳೆಯಬೇಡಿ, ಒಂದೊಂದನ್ನೂ ಬೆರಳುಗಳ ನಡುವೆ ಹಿಸುಕಿ ನೋಡಿ. ಒಂದು ದಪ್ಪ ಉಳಿದರೆ ಹೆರಳು ತಿರುಚಿಕೊಳ್ಳುತ್ತದೆ.

ಬಲದ ಎಳೆ ನಡುವಿನದರ ಮೇಲೆ, ಎಡದ ಎಳೆ ನಡುವಿನದರ ಮೇಲೆ. ಇದು ಎಲ್ಲರಿಗೂ ಗೊತ್ತು. ಗಮನ ಇರಬೇಕಾದ್ದು ಕೈ ಎಲ್ಲಿದೆ ಅನ್ನೋದರ ಮೇಲೆ. ಮೊದಲ ಮೂರು ಹೆಣಿಗೆಗೆ ನಿಮ್ಮ ಬೆರಳ ಗೆಣ್ಣುಗಳು ಮಗುವಿನ ತಲೆಗೆ ತಾಗಿಕೊಂಡೇ ಇರಲಿ. ಪ್ರತಿ ಸಲ ಎಳೆ ದಾಟಿಸಿದ ಮೇಲೆ ಎರಡೂ ಬದಿಯ ಎಳೆಗಳನ್ನು ಅಡ್ಡಕ್ಕೆ ಹಿಗ್ಗಿಸಿ. ಅಡ್ಡ ಎಳೆದರೆ ಹೆಣಿಗೆ ಕೂಡಿಕೊಳ್ಳುತ್ತದೆ. ಕೆಳಕ್ಕೆ ಎಳೆದರೆ ನೆತ್ತಿ ನೋಯುತ್ತದೆ, ಹೆಣಿಗೆ ಸಡಿಲವೇ ಉಳಿಯುತ್ತದೆ. ಬಹಳ ಮಂದಿ ಬಿಗಿ ಅಂದುಕೊಳ್ಳುವುದು ಈ ಎರಡನೆಯದನ್ನೇ.

ಮೂರು ಹೆಣಿಗೆ ದಾಟಿದ ಮೇಲೆ ಕೈ ಸ್ವಲ್ಪ ಹಗುರ ಮಾಡಿ. ತುದಿಗೆ ಬರುತ್ತಾ ಒಂದು ಎಳೆ ತೆಳುವಾದರೆ ದಪ್ಪ ಎಳೆಯಿಂದ ಸ್ವಲ್ಪ ಕೂದಲನ್ನು ಅದಕ್ಕೆ ಸೇರಿಸಿಕೊಳ್ಳಿ. ನಡುವೆ ಮಗು ತಿರುಗಿದರೆ ಹೆಣಿಗೆ ಬಿಡಬೇಡಿ, ಅಲ್ಲೇ ಬಿಗಿಯಾಗಿ ಹಿಡಿದು ತಿರುಗುವ ತನಕ ಕಾಯಿರಿ.

ರೇಷ್ಮೆಯಂತೆ ಜಾರುವ ಕೂದಲಿದ್ದರೆ ಮೂರು ಎಳೆ ಮಾಡುವ ಮೊದಲು ಬುಡಕ್ಕೆ ಬಟ್ಟೆ ರಬ್ಬರನ್ನು ಸಡಿಲವಾಗಿ ಒಂದು ಸುತ್ತು ಹಾಕಬಹುದು. ದೈಹಿಕ ಶಿಕ್ಷಣದ ತರಗತಿ ಇರುವ ದಿನಕ್ಕೆ ಇದು ಸರಿ. ದಿನಾ ಬೇಡ.

ಹಂತ 7: ಟೇಪು ಸೇರಿಸಿ ಮಡಚುವುದು

ಟೇಪನ್ನು ತುದಿಗೆ ಕಟ್ಟಿದರೆ ಕಳೆದುಹೋಗುತ್ತದೆ. ಅರ್ಧ ಹೆರಳಿನಲ್ಲೇ ಸೇರಿಸಬೇಕು. ಹೆರಳು ಅರ್ಧ ಹೆಣೆದ ಮೇಲೆ ಟೇಪನ್ನು ಸರಿಯಾಗಿ ನಡುವಿಗೆ ಮಡಚಿ, ಆ ನಡುವನ್ನು ಹೆರಳಿನ ಹಿಂದೆ ಇಡಿ. ಟೇಪಿನ ಒಂದು ಕೊನೆ ಎಡದ ಎಳೆಯ ಜೊತೆ, ಇನ್ನೊಂದು ಬಲದ ಎಳೆಯ ಜೊತೆ ಸೇರಲಿ. ಇನ್ನು ಕೂದಲು, ಟೇಪು ಕೂಡಿಯೇ ಹೆಣೆಯಿರಿ.

ತುದಿ ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ. ಟೇಪಿನ ಒಂದು ಕೊನೆಯನ್ನು ತುದಿಯ ಸುತ್ತ ಎರಡು ಸುತ್ತು ಸುತ್ತಿ ಇನ್ನೊಂದು ಕೊನೆಗೆ ಗಂಟು ಹಾಕಿ. ಕೂದಲು ತೀರಾ ತೆಳುವಿದ್ದರೆ ಮೊದಲು ಬಟ್ಟೆ ರಬ್ಬರ್ ಹಾಕಿ, ಅದರ ಮೇಲೆ ಟೇಪು ಸುತ್ತಿ.

ಆಮೇಲೆ ಹೆರಳನ್ನು ಮೇಲಕ್ಕೆ ಮಡಚಿ, ತುದಿಯನ್ನು ಬುಡದ ಒಳಮಗ್ಗುಲಿಗೆ ತನ್ನಿ. ಟೇಪಿನ ಎರಡೂ ಕೊನೆಗಳನ್ನು ಬುಡದ ಸುತ್ತ ತಂದು ಮೊದಲು ಎರಡು ಗಂಟು, ಅದರ ಮೇಲೆ ಹೂವಿನ ಗಂಟು. ಸ್ಯಾಟಿನ್ ಟೇಪಿಗೆ ಒಂದೇ ಗಂಟು ಸಾಕಾಗುವುದಿಲ್ಲ, ಜಾರುತ್ತದೆ. ಮಡಿಕೆ ಕಿವಿಯನ್ನು ಒತ್ತಬಾರದು. ಒತ್ತಿದರೆ ಹುಡುಗಿ ತರಗತಿಯಲ್ಲಿ ಕೂತು ಅದನ್ನು ಎಳೆದು ಎಳೆದು ತಾನೇ ಬಿಚ್ಚುತ್ತಾಳೆ.

ಹಂತ 8: ಕಳಿಸುವ ಮೊದಲು ಪರೀಕ್ಷೆ

ಹುಬ್ಬು ಮೇಲೆತ್ತಲು ಹೇಳಿ, ಮೇಲೆ ಕೆಳಗೆ ನೋಡಲು ಹೇಳಿ, ಕತ್ತು ಎರಡೂ ಕಡೆ ತಿರುಗಿಸಲಿ. ಕಣ್ಣಿನ ತುದಿ ಮೇಲಕ್ಕೆ ಎಳೆದಂತೆ ಕಂಡರೆ, ಹಣೆ ಅಂಚಿನ ಚರ್ಮ ಕೂದಲಿನ ಬುಡದಲ್ಲಿ ಉಬ್ಬಿದರೆ, ಬಿಗಿ ಜಾಸ್ತಿ ಆಗಿದೆ. ಹೆರಳಿನ ಬುಡದಲ್ಲಿ ನಿಮ್ಮ ಕಿರುಬೆರಳ ತುದಿ ತೂರಬೇಕು. ತೂರದಿದ್ದರೆ ಬುಡವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಅಂಗೈಯಿಂದ ಕೂದಲನ್ನು ನೆತ್ತಿಯಿಂದ ಬುಡದ ಕಡೆಗೆ ಮೆಲ್ಲಗೆ ಒತ್ತಿ. ಬಿಗಿ ಸ್ವಲ್ಪ ಇಳಿಯುತ್ತದೆ.

ಶನಿವಾರ ಬೆಳಗಿನ ಶಾಲೆ. ಎಂಟು ಹಂತಕ್ಕೆ ಸಮಯ ಇರುವುದಿಲ್ಲ ಅಲ್ವಾ? ಶುಕ್ರವಾರ ರಾತ್ರಿಯೇ ನಾಲ್ಕನೇ ಹಂತ ಮುಗಿಸಿ, ಒಂದೇ ಸಡಿಲ ಹೆರಳು ಹಾಕಿ ಮಲಗಿಸಿ. ಬೆಳಗ್ಗೆ ಬೈತಲೆಯಿಂದ ಶುರು ಮಾಡಬಹುದು.

ಎಲ್ಲಿ ಬಿಚ್ಚಿತು ನೋಡಿ, ಕಾರಣ ಸಿಗುತ್ತದೆ

ಹುಡುಗಿ ಸಂಜೆ ಬಂದಾಗ ಬೈಯುವ ಮೊದಲು ಹೆರಳನ್ನು ನೋಡಿ.

ಬುಡ ಸಡಿಲಾಗಿ ಕೆಳಗಿನ ಹೆಣಿಗೆ ಗಟ್ಟಿ ಉಳಿದಿದ್ದರೆ, ಹೆಣೆಯುವಾಗ ತಲೆ ಬಗ್ಗಿತ್ತು. ತುದಿಯಿಂದ ಬಿಚ್ಚುತ್ತಾ ಬಂದಿದ್ದರೆ ಗಂಟು ಒಂದೇ ಹಾಕಿದ್ದೀರಿ, ಇಲ್ಲವೇ ತೀರಾ ತುದಿಗೆ ಕಟ್ಟಿದ್ದೀರಿ. ಉದ್ದಕ್ಕೂ ಎಲ್ಲ ಹೆಣಿಗೆಯೂ ಸಮನಾಗಿ ಸಡಿಲಾಗಿದ್ದರೆ ಎಣ್ಣೆ ಜಾಸ್ತಿ. ಹೆರಳು ಗಟ್ಟಿ ಇದ್ದು ಸುತ್ತ ಚಿಕ್ಕ ಕೂದಲು ಎದ್ದಿದ್ದರೆ ಸಿಕ್ಕು ಬಿಡಿಸುವಾಗ ಕೂದಲು ತುಂಡಾಗುತ್ತಿದೆ. ಒಂದೇ ಕಡೆಯದು ಬಿಚ್ಚುತ್ತಿದ್ದರೆ ಆ ಕಡೆ ಬ್ಯಾಗು ಹಾಕುತ್ತಾಳಾ ಕೇಳಿ, ಅಥವಾ ನಿಮ್ಮ ಎಡಗೈ ಹಿಡಿತ ಕಡಿಮೆ ಇರಬಹುದು. ಆ ಕಡೆಯ ಹೆರಳನ್ನು ಮೊದಲು ಹಾಕಿ, ಕೈ ದಣಿಯುವ ಮುಂಚೆ.

ಈ ಲಕ್ಷಣ ಕಂಡರೆ ಹೆರಳು ನಿಲ್ಲಿಸಿ

ಹಣೆ ಅಂಚಿನಲ್ಲಿ, ಕಿವಿಯ ಮುಂದೆ, ಕೂದಲಿನ ಬುಡದಲ್ಲಿ ಸಣ್ಣ ಕೆಂಪು ಅಥವಾ ಬಿಳಿ ಗುಳ್ಳೆ ಎದ್ದರೆ ಅದು ಜಗ್ಗಾಟದ ಮೊದಲ ಗುರುತು. ಎರಡು ವಾರ ಎರಡು ಹೆರಳು ಬಿಟ್ಟು ಸಡಿಲವಾದ ಒಂದೇ ಹೆರಳು ಹಾಕಿ. ಹಣೆ ಅಂಚಿನ ಕೂದಲು ತೆಳುವಾಗುತ್ತಾ ಹಣೆ ದೊಡ್ಡದಾದಂತೆ ಕಂಡರೆ ಬಿಗಿ ಕಟ್ಟುವುದನ್ನು ಪೂರ್ತಿ ನಿಲ್ಲಿಸಿ. ಬೇಗ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಸತ್ತು ಅಲ್ಲಿ ಕೂದಲು ಹುಟ್ಟುವುದಿಲ್ಲ. ಶಾಲೆಯಲ್ಲಿ ಎರಡು ಹೆರಳೇ ಕಡ್ಡಾಯ ಅಂದರೆ ಶಿಕ್ಷಕಿಯನ್ನು ಕಂಡು ಕಾರಣ ಹೇಳಿ. ಮಗುವಿನ ತಲೆ ತೋರಿಸಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ದುಂಡಗೆ ಕೂದಲು ತುಂಡಾಗಿ ಹೊಟ್ಟೆದ್ದ ಜಾಗ ಕಂಡರೆ ಅದು ಹುಳುಕಡ್ಡಿ ಇರಬಹುದು. ಹೆಡಕಿನಲ್ಲಿ ಗಂಟೂ ಕೈಗೆ ಸಿಗಬಹುದು. ಇದಕ್ಕೆ ಮುಲಾಮು ಸಾಲುವುದಿಲ್ಲ, ಡಾಕ್ಟರು ಹೊಟ್ಟೆಗೆ ಔಷಧ ಕೊಡಬೇಕು. ಅಲ್ಲಿಯವರೆಗೆ ಅವಳ ಹಣಿಗೆ, ಟವೆಲ್, ದಿಂಬು ಬೇರೆ ಇಡಿ. ಹೊಟ್ಟಿಲ್ಲದೆ ನುಣ್ಣಗೆ, ರೂಪಾಯಿ ಅಗಲಕ್ಕೆ ಕೂದಲು ಉದುರಿದ್ದರೂ ಚರ್ಮದ ಡಾಕ್ಟರಿಗೆ ತೋರಿಸಿ. ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಡಬೇಡಿ.

ಹಣಿಗೆಗೆ ದಿನಾ ಸ್ವಲ್ಪ ಕೂದಲು ಬಂದರೆ ಹೆದರಬೇಕಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಗಿಡ್ಡ ಕೂದಲು, ಗುಂಗುರು ಕೂದಲು

ಕೂದಲು ಭುಜ ಮುಟ್ಟದಿದ್ದರೆ ಹೆರಳಿಗೆ ಒತ್ತಾಯ ಬೇಡ. ಎರಡು ಪಾಲು ಮಾಡಿ ಬಟ್ಟೆ ರಬ್ಬರ್ ಹಾಕಿ ಬಿಡಿ, ಇಲ್ಲವೇ ಬಟ್ಟೆಯ ಹೇರ್‌ಬ್ಯಾಂಡ್ ಸಾಕು. ಕಿವಿ ಹಿಂದೆ ಚುಚ್ಚುವ ಪ್ಲಾಸ್ಟಿಕ್ ಬ್ಯಾಂಡ್ ಬೇಡ. ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಮಣಿ ಇರುವ ಚಿಕ್ಕ ಕ್ಲಿಪ್ಪು ಹಾಕಬೇಡಿ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಗುಂಗುರು ಕೂದಲನ್ನು ಒಣಗಿದಾಗ ಬಾಚಲೇಬೇಡಿ. ಎರೆದ ಮೇಲೆ ತೇವ ಇದ್ದಾಗ ಕಂಡಿಷನರ್ ಅಥವಾ ಸ್ವಲ್ಪ ಎಣ್ಣೆ ಹಚ್ಚಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಣಿಗೆಯಿಂದ ಬಿಡಿಸಿ. ಪೂರ್ತಿ ಒಣಗಿದ ಮೇಲೆ ಸಡಿಲವಾಗಿ ಹೆಣೆದರೆ ಎರಡು ದಿನ ಹಾಗೇ ಇರುತ್ತದೆ. ದಿನಾ ಬಾಚುವ ಅಗತ್ಯ ಇಲ್ಲ.

ಹಬ್ಬ, ಜಾತ್ರೆಯ ದಿನ

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹೊರಡುವ ಹುಡುಗಿಯರಿಗೆ, ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಹೋಗುವವರಿಗೆ ಉದ್ದ ಜಡೆ, ಕುಚ್ಚು, ಹೂವು ಬೇಕೇ ಬೇಕು. ಹಾಕಿ, ಸಂತೋಷ. ಆದರೆ ಚೌರಿಯ ಭಾರವೆಲ್ಲ ಮಗುವಿನ ಕೂದಲ ಬುಡಕ್ಕೇ ಬೀಳುತ್ತದೆ. ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಇಡಬೇಡಿ. 8 ವರ್ಷದ ಒಳಗಿನವರಿಗೆ ಚೌರಿ ಬಿಟ್ಟು ಅವರದ್ದೇ ಹೆರಳಿಗೆ ಮಲ್ಲಿಗೆ ಅಥವಾ ಸೇವಂತಿಗೆ ಮಾಲೆ ಸುತ್ತಿ. ಪಿನ್ನಿನ ತುದಿಯ ರಬ್ಬರ್ ಗುಂಡು ಉದುರಿದ್ದರೆ ಆ ಪಿನ್ನು ಬಳಸಬೇಡಿ. ಮಾಲೆಯನ್ನು ದಾರದಿಂದ ಹೆರಳಿಗೆ ಕಟ್ಟಿ, ಪಿನ್ನು ಕಡಿಮೆ ಸಾಕಾಗುತ್ತದೆ. ಜಾತ್ರೆ ಮುಗಿಸಿ ಬಂದು ಜಡೆ ಬಿಚ್ಚದೆ ಮಲಗಿಸಬೇಡಿ, ಮಗು ಎಷ್ಟೇ ನಿದ್ದೆಗಣ್ಣಲ್ಲಿದ್ದರೂ.

ಸಂಜೆ ಬಿಚ್ಚುವುದು

ಶಾಲೆಯಿಂದ ಬಂದ ಮೇಲೆ ಹೆರಳು ಬಿಚ್ಚಿ, ಒಂದು ಗಂಟೆ ನೆತ್ತಿಗೆ ಗಾಳಿಯಾಡಲಿ. ಟೇಪಿನ ಗಂಟು ಬಿಚ್ಚಿದ ಮೇಲೆ ತುದಿಯಿಂದ ಮೇಲಕ್ಕೆ ಬೆರಳಿನಿಂದ ಎಳೆ ಬಿಡಿಸಿ. ಟೇಪು ಜಗ್ಗಿ ತೆಗೆದರೆ ಕೂದಲೂ ಬರುತ್ತದೆ. ಬೆರಳ ತುದಿಯಿಂದ ನೆತ್ತಿಯನ್ನು ಎರಡು ನಿಮಿಷ ಮೆಲ್ಲಗೆ ತಿಕ್ಕಿ, ಉಗುರು ತಾಗಿಸದೆ. ಬಾಚಿ ಸಡಿಲವಾದ ಒಂದು ಹೆರಳು ಹಾಕಿ ಮಲಗಿಸಿದರೆ ಬೆಳಗಿನ ಸಿಕ್ಕು ಅರ್ಧ ಕಡಿಮೆ ಆಗುತ್ತದೆ.

ಟೇಪು, ರಬ್ಬರು, ಹಣಿಗೆಗಳನ್ನು ಭಾನುವಾರ ಬಿಸಿನೀರಿಗೆ ಸ್ವಲ್ಪ ಶಾಂಪೂ ಹಾಕಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಬಿಸಿಲಿಗೆ ಇಡಿ. ಕೂದಲಿನ ತುದಿ ಸೀಳಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ಅರ್ಧ ಅಂಗುಲ ಕತ್ತರಿಸಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆದ್ದರಿಂದ ಉದ್ದ ಹೋಯಿತು ಅನ್ನೋ ಚಿಂತೆ ಬೇಡ.